ಗೇಟಿಗೆ ಅಂಟಿಸಿದ ಕಾಗದ

ಸಂಜೆ ಸೋದರಮಾವನ ಜೊತೆ ಮಂಡಕ್ಕಿ-ಮಿರ್ಚಿ ತಿನ್ನುತ್ತಾ ಕೂತಿದ್ದೆ. ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅನ್ನುತ್ತಿದ್ದ ಕಾಲದಲ್ಲಿ ಮಾವ ಒಂದು ಹತ್ತಿ ಮಿಲ್ಲಿನಲ್ಲಿದ್ದರು.

ಖರ್ಚು ಕಡಿಮೆ ಮಾಡಬೇಕಂತೆ, ನಮ್ಮ ಕಂಪನಿಯಲ್ಲಿ ಈ ತಿಂಗಳಿಂದ ಓವರ್‌ಟೈಮ್ (ಓಟಿ) ಇಲ್ಲ. ವಾಟ್ಸಾಪಿನಲ್ಲಿ ಎರಡೇ ಸಾಲು ಬಂತು ಅಂದೆ. ಮಾವ ನಕ್ಕರು.

"ನಮಗೆ ಮಿಲ್ಲು ಮುಚ್ಚಿದೆ ಅಂತ ಗೇಟಿಗೆ ಕಾಗದ ಅಂಟಿಸಿದ್ರು ಕಣೋ. ಮಿಲ್ಲಿಗೆ ಕಷ್ಟ ಅಂತ ನಮಗೂ ಗೊತ್ತಿತ್ತು. ಕೂರಿಸಿ ಹೇಳಿದ್ರೆ ಸ್ವಲ್ಪ ದಿನ ಅರ್ಧ ಸಂಬಳಕ್ಕೂ ಒಪ್ತಿದ್ವಿ."

ಕೂರಿಸಿ ಹೇಳುವುದು ಹೊಸದೇನಲ್ಲ. 100 ಅಥವಾ ಹೆಚ್ಚು ಕಾರ್ಮಿಕರಿರುವ ಕಡೆ ಮಾಲೀಕರು, ಕಾರ್ಮಿಕರು ಇಬ್ಬರೂ ಸೇರುವ ಸಮಿತಿ ಮಾಡಿಸಲು 1947ರ ಕೈಗಾರಿಕಾ ವಿವಾದ ಕಾಯ್ದೆಯಲ್ಲೇ ದಾರಿ ಇತ್ತು. ಅದು ಎಷ್ಟು ಕಡೆ ನಿಜವಾಗಿ ಕೂತಿತೋ! ಆ ಕಾಯ್ದೆಯ ಜಾಗಕ್ಕೆ ತಂದ 2020ರ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲಂತೂ, ಕಾರ್ಖಾನೆ ಮುಚ್ಚಲು ಸರ್ಕಾರದ ಅನುಮತಿ ಬೇಕಾದ ಮಿತಿ 100 ಕಾರ್ಮಿಕರಿಂದ 300ಕ್ಕೆ ಏರಿತು. ಸರ್ಕಾರ, ಮಾಲೀಕರು, ಕಾರ್ಮಿಕರು ಮೂವರೂ ಸೇರುವ ಭಾರತೀಯ ಕಾರ್ಮಿಕ ಸಮ್ಮೇಳನ 2015ರಲ್ಲಿ ನಡೆಯಿತು. ಆಮೇಲೆ ಹತ್ತು ವರ್ಷ ಕರೆಯಲೇ ಇಲ್ಲ. ಮನೆ ಮದುವೆಗೂ ಇಷ್ಟು ಮರೆವು ಇರಲ್ಲ, ಅಲ್ವಾ?

ದುಡ್ಡು ಕೊಡಲು ಹೋದರೆ ಮಾವ ಕೈ ತಡೆದರು. "ನಿಂಗೆ ಓಟಿ ಇಲ್ವಲ್ಲೋ, ಸುಮ್ನಿರು."