ಕರಿಮನೆಯಿಂದ ಶುರು

ನಮ್ಮ ಮನೆಯಲ್ಲಿ ಪೇಟಿ, ಅಂದರೆ ಹಾರ್ಮೋನಿಯಂ, ಇರುವುದು ಹೊಲಿಗೆ ಮಷೀನಿನ ಪಕ್ಕದಲ್ಲಿ. ಧಾರವಾಡದ ಮಾಳಮಡ್ಡಿಯಲ್ಲಿ ಎರಡು ಕೋಣೆಯ ಬಾಡಿಗೆ ಮನೆ, ಬೇರೆಲ್ಲೂ ಜಾಗ ಇಲ್ಲ. ಪೇಟಿ ನಮ್ಮಪ್ಪನದು. ಕುಂದಗೋಳದ ಹತ್ತಿರದ ನಮ್ಮೂರಲ್ಲಿ ಸೋಮವಾರ ರಾತ್ರಿ ಗುಡಿಯೊಳಗೆ ಭಜನೆ ಇರುತ್ತಿತ್ತು, ಅಪ್ಪ ಪೇಟಿ ಬಾರಿಸುತ್ತಿದ್ದರು. ಅವರು ಹೋದ ಮೇಲೆ ನಾಲ್ಕು ವರ್ಷ ಅದು ಅಟ್ಟದ ಮೇಲೇ ಇತ್ತು. ಹೋದ ದೀಪಾವಳಿಗೆ ತವರಿಗೆ ಹೋದಾಗ ಅಣ್ಣ ಕೆಳಗಿಳಿಸಿಕೊಟ್ಟ. ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದೆ.

ಅದರ ಎರಡು ಮನೆ, ಅಂದರೆ ಕೀ, ಒತ್ತಿದರೆ ಸದ್ದೇ ಬರುತ್ತಿರಲಿಲ್ಲ. ಮೇಲಿನ ಹಲಗೆ ಬಿಚ್ಚಿ ನೋಡಿದರೆ ಹಿತ್ತಾಳೆ ರೀಡಿನ ನಾಲಿಗೆಯ ಕೆಳಗೆ ಧೂಳು. ತೆಳ್ಳನೆಯ ಕಾಗದ ತೂರಿಸಿ ಮೆಲ್ಲಗೆ ಎಳೆದೆ, ದನಿ ಬಂತು. ಬ್ಲೇಡು, ಪಿನ್ನು ಮಾತ್ರ ಮುಟ್ಟಿಸಬೇಡಿ. ರೀಡು ಸ್ವಲ್ಪ ಕೆರೆದರೂ ಶ್ರುತಿ ಕೆಡುತ್ತದೆ.

ಈಗ ಮಗಳಿಗೆ ಇದನ್ನು ಕಲಿಸುತ್ತಿದ್ದೇನೆ. ಅವಳಿಗೆ ಆರು ವರ್ಷ. ಅವಳ ಎಡಗೈ ಇನ್ನೂ ಪೇಟಿಯ ಹಿಂದಿನ ತಿದಿಯ ತನಕ ಮುಟ್ಟುವುದಿಲ್ಲ. ಹಾಗಾಗಿ ನಾನು ಎದುರಿಗೆ ಕೂತು ಗಾಳಿ ಹಾಕುತ್ತೇನೆ, ಅವಳು ಬಲಗೈಯಿಂದ ಬಾರಿಸುತ್ತಾಳೆ.

ಎಷ್ಟೋ ಜನ ಬಿಳಿಮನೆಯಿಂದ ಶುರು ಮಾಡಿಸುತ್ತಾರೆ. ನಾನು ಕರಿಮನೆಯಿಂದ ಮಾಡಿಸಿದೆ. ಕರಿಮನೆಗಳು ಎರಡು ಒಂದು ಕಡೆ, ಮೂರು ಒಂದು ಕಡೆ ಗುಂಪಾಗಿವೆ, ಸ್ವಲ್ಪ ಎತ್ತರಕ್ಕೂ ಇವೆ. ಮಗುವಿನ ಬೆರಳಿಗೆ ನೋಡದೆಯೇ ಸಿಗುತ್ತವೆ. ಮೂರರ ಗುಂಪಿನ ಮೊದಲನೆಯದನ್ನು ಸಾ ಅಂತ ಹಿಡಿದು ಬರೀ ಕರಿಮನೆ ಒತ್ತುತ್ತಾ ಹೋದರೆ ಸಾ ರೇ ಗ ಪ ಧ ಸಾ. ಅದೇ ಭೂಪ್ ರಾಗ! ಮ ಇಲ್ಲ, ನಿ ಇಲ್ಲ. ಮಗು ಎಲ್ಲಿ ಬೆರಳಿಟ್ಟರೂ ಅಪಸ್ವರ ಬರುವುದಿಲ್ಲ. ಮೊದಲ ದಿನವೇ ಅವಳ ಕೈಯಿಂದ ಒಂದು ಇಂಪಾದ ಸಾಲು ಬಂತು. ಅವಳ ಮುಖ ನೋಡಬೇಕಿತ್ತು.

ನನಗೆ ಅದು ಬಹಳ ಮುಖ್ಯ. ನಾನು ಎಂಟು ವರ್ಷದವಳಿದ್ದಾಗ ಒಂದು ಕ್ಲಾಸಿಗೆ ಹೋಗುತ್ತಿದ್ದೆ. ಬೆರಳು ತಪ್ಪಿದರೆ ಕಟ್ಟಿಗೆಯ ಸ್ಕೇಲಿನಿಂದ ಗೆಣ್ಣಿಗೆ ಏಟು. ಮೂರು ತಿಂಗಳಿಗೆ ಬಿಟ್ಟೆ. ಆಮೇಲೆ ನಾನು ಕಲಿತದ್ದೆಲ್ಲ ಅಪ್ಪನ ಪಕ್ಕದಲ್ಲಿ ಕೂತು ಕಲಿತದ್ದು. ಏಟಿನ ಭಯದಲ್ಲಿ ಕಿವಿ ಮುಚ್ಚಿಹೋಗುತ್ತದೆ. ನನ್ನ ಮಗಳಿಗೆ ಹಾಗಾಗಬಾರದು.

ದಿನಾ ಸಂಜೆ ದೀಪ ಹಚ್ಚಿದ ಮೇಲೆ ಹತ್ತು ನಿಮಿಷ, ಅಷ್ಟೇ. ಭೂಪ್ ಕೂಡ ರಾತ್ರಿಯ ಮೊದಲ ಪ್ರಹರದ ರಾಗವೇ, ಸರಿಹೋಯಿತು. ಮೊದಲು ಬಾಯಲ್ಲಿ ಹಾಡಬೇಕು, ಆಮೇಲೆ ಬೆರಳು. ಇದೊಂದರಲ್ಲಿ ಮಾತ್ರ ನಾನು ಗಟ್ಟಿ. ಯಾಕೆಂದರೆ ಪೇಟಿಯಲ್ಲಿ ಮೀಂಡ್ ಬರುವುದಿಲ್ಲ. ಗ ದಿಂದ ಪ ಕ್ಕೆ ದನಿ ಜಾರಿಕೊಂಡು ಹೋಗುತ್ತದೆ, ಪೇಟಿ ಹಾರುತ್ತದೆ. ಇಂಥ ಕಾರಣಕ್ಕೇ 1940ರಲ್ಲಿ ರೇಡಿಯೋದವರು ಪೇಟಿಯನ್ನು ಹೊರಗಿಟ್ಟಿದ್ದರು, ಮೂರು ದಶಕ ಹಾಗೇ ಇತ್ತು. ನನಗೆ ಪೇಟಿ ಅಂದರೆ ಜೀವ, ಆದರೂ ಆ ಮಾತು ಸುಳ್ಳಲ್ಲ. ಈ ಶ್ರುತಿ ಅವಳಿಗೆ ಸ್ವಲ್ಪ ಎತ್ತರ. ಧ ದವರೆಗೆ ಹಾಡಿಸುತ್ತೇನೆ, ಮೇಲಿನ ಸಾ ಪೇಟಿಗೆ ಬಿಡುತ್ತೇನೆ. ಎಳೆಯ ಗಂಟಲು, ಒತ್ತಾಯ ಬೇಡ.

ಲಯ ಕಲಿಸಿದ್ದು ಮಷೀನು. ಕಾಲಲ್ಲಿ ತುಳಿಯುವ ಹಳೆಯ ಮಷೀನು ನನ್ನದು, ಒಂದೇ ಸಮನೆ ಟಕ ಟಕ ಅನ್ನುತ್ತದೆ. ನಾನು ಬ್ಲೌಸು ಹೊಲಿಯುವಾಗ ಅವಳು ಕೆಳಗೆ ಕೂತು ತೀನ್‌ತಾಲ ಅನ್ನುವ ತಾಳದ 16 ಮಾತ್ರೆ ಎಣಿಸುತ್ತಾಳೆ. ಒಂದು, ಐದು, ಹದಿಮೂರಕ್ಕೆ ಚಪ್ಪಾಳೆ, ಒಂಬತ್ತಕ್ಕೆ ಖಾಲಿ. ಖಾಲಿ ಬಂದಾಗ ಚಪ್ಪಾಳೆ ಹಾಕದೆ ಕೈ ಬೀಸುವುದು ಅವಳಿಗೆ ಇನ್ನೂ ಕಷ್ಟ. ಪರವಾಗಿಲ್ಲ. ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ಸವಾಯಿ ಗಂಧರ್ವರ ಹತ್ತಿರ ಕಲಿಯಲು ಗಂಗೂಬಾಯಿ ಹಾನಗಲ್ ರೈಲಿನಲ್ಲಿ ಓಡಾಡುತ್ತಿದ್ದ ಕಥೆಯನ್ನು ಅಪ್ಪ ನಮ್ಮೂರ ದೊಡ್ಡ ಹಬ್ಬದ ಹಾಗೆ ಹೇಳುತ್ತಿದ್ದರು. ಅದನ್ನೇ ಅವಳಿಗೂ ಹೇಳಿದ್ದೇನೆ. "ಅವರಿಗೂ ಖಾಲಿ ತಪ್ಪತಿತ್ತೇನ?" ಅಂತ ಕೇಳಿದಳು.

ಯುಗಾದಿ ಆದ ಮೇಲೆ ಒಂದು ಸಂಜೆ ನಡೆದದ್ದನ್ನು ಹೇಳಲೇಬೇಕು. ಅವಳು ಮೂರರ ಗುಂಪಿನ ಮೊದಲನೆಯದನ್ನು ಬಿಟ್ಟು ಕೊನೆಯದರಿಂದ ಶುರು ಮಾಡಿದಳು. ನಾನು ಸುಮ್ನೆ ಗಾಳಿ ಹಾಕುತ್ತಾ ಇದ್ದೆ. ಅದೇ ಐದು ಕರಿಮನೆ. ಮೇಲಿನ ತನಕ ಹೋಗಿ ನಿಂತಳು.

"ಅವ್ವಾ, ಇದು ಯಾಕ ಬ್ಯಾರೆ ಕೇಳಸ್ತದ? ಕತ್ಲ್ಯಾಗ ಕುಂತಂಗ."

ಮೈ ಜುಮ್ಮೆಂದಿತು. ಅದು ಮಾಲಕಂಸ್. ಸಾ ಎಲ್ಲಿ ಇಟ್ಟುಕೊಂಡೆವು ಅನ್ನುವುದರ ಮೇಲೆ ಅದೇ ಸ್ವರಗಳು ಬೇರೆ ರಾಗವಾಗುತ್ತವೆ. ಬಲ್ಲವರು ಅದನ್ನು ಮೂರ್ಛನ ಅನ್ನುತ್ತಾರೆ. ನಾನು ಅವಳಿಗೆ ಹೆಸರು ಹೇಳಲಿಲ್ಲ. ಎರಡರ ಗುಂಪಿನ ಮೊದಲನೆಯದನ್ನು ತೋರಿಸಿ, "ಇಲ್ಲಿಂದ ಹೋಗಿ ನೋಡು" ಅಂದೆ. ದುರ್ಗಾ ಬಂತು. "ಇದು ಮುಂಜಾನಿ ಬಿಸಲಿನಂಗ ಐತಿ" ಅಂದಳು. ದುರ್ಗಾ ರಾತ್ರಿಯ ರಾಗ. ಆದರೆ ಅವಳ ಕಿವಿಗೆ ಕೇಳಿಸಿದ್ದನ್ನು ನಾನ್ಯಾಕೆ ತಿದ್ದಲಿ? ಅವತ್ತು ಹತ್ತು ನಿಮಿಷ ಒಂದು ತಾಸಾಯಿತು. ಒಲೆಯ ಮೇಲಿನ ಬೇಳೆ ಸೀದುಹೋಯಿತು.

ನಿನ್ನೆ ಅವಳು ನನ್ನ ಕೈ ಸರಿಸಿದಳು. ದಿಂಬಿನ ಮೇಲೆ ಕೂತು, ಮೈ ಓರೆ ಮಾಡಿ, ಎಡಗೈ ಹಿಂದಕ್ಕೆ ಚಾಚಿ ತಾನೇ ಗಾಳಿ ಹಾಕಿದಳು. ದನಿ ತುಂಡು ತುಂಡಾಗಿ ಬಂತು, ನಾಲ್ಕನೇ ಸಲ ಕಡಿಯದೆ ನಿಂತಿತು.

"ಅವ್ವಾ, ಈಗ ನೀ ಹಾಡು," ಅಂದಳು.