ಕರ್ಣಪ್ರಯಾಗದಲ್ಲಿ ಬಸ್ ನಿಂತಾಗ

ಪಿಂಡಾರ್ ನದಿ ಬಂದು ಅಲಕನಂದೆಯನ್ನು ಸೇರುವ ಜಾಗ. ಟೀ ಲೋಟ ಹಿಡಿದು ಸುಮ್ನೆ ನೋಡುತ್ತಾ ನಿಂತೆ.

ಇದು ಉತ್ತರಾಖಂಡದ ಚಮೋಲಿ. ಜಿಲ್ಲೆ ಆಗಿದ್ದು 1960ರಲ್ಲಿ. ಅಲಕನಂದೆಗೆ ಬೇರೆ ನದಿಗಳು ಸೇರುವ ಐದು ಪ್ರಯಾಗಗಳಲ್ಲಿ ಮೂರು ಇಲ್ಲೇ ಇವೆ. 7,816 ಮೀಟರ್ ಎತ್ತರದ ನಂದಾದೇವಿಯೂ ಇದೇ ಜಿಲ್ಲೆಯದು. ಇಲ್ಲಿನ ಭೋಟಿಯಾ ಜನ ಕಣಿವೆ ದಾಟಿ ಟಿಬೆಟ್ ಜೊತೆ ವ್ಯಾಪಾರ ಮಾಡುತ್ತಿದ್ದರು. 1962ರ ಯುದ್ಧದಿಂದ ಅದು ನಿಂತೇ ಹೋಯಿತು.

ನನ್ನ ಮನಸ್ಸೆಲ್ಲ ಇನ್ನೂ ಮೇಲಿರುವ ರೈಣಿ ಎಂಬ ಸಣ್ಣ ಹಳ್ಳಿಯಲ್ಲಿ. 1974ರ ಮಾರ್ಚ್‌ನಲ್ಲಿ ಮರ ಕಡಿಯುವವರು ಬಂದಾಗ ಊರಿನ ಗಂಡಸರು ಇರಲಿಲ್ಲ. ಅದೇ ಊರಿನ ಗೌರಾದೇವಿ ಹೆಂಗಸರನ್ನು ಕರೆದುಕೊಂಡು ಹೋಗಿ ಅಡ್ಡ ನಿಂತರು. ಒಂಬತ್ತು ವರ್ಷದ ಮೇಲೆ ನಮ್ಮ ಶಿರಸಿ ಹತ್ತಿರ ಸಲ್ಕಣಿಯ ಜನ ಮರ ಅಪ್ಪಿಕೊಂಡಿದ್ದಕ್ಕೂ ಇಲ್ಲಿಂದಲೇ ಸ್ಫೂರ್ತಿ ಅಲ್ವಾ! ಅದೇ ರೈಣಿಯ ಪಕ್ಕ 2021ರ ಫೆಬ್ರುವರಿಯಲ್ಲಿ ಋಷಿಗಂಗೆ ಉಕ್ಕಿ ಬಂತು. ನೆನೆದರೆ ಹೊಟ್ಟೆ ಕಿವುಚುತ್ತದೆ.

ರಸ್ತೆ ಬದಿ ಒಬ್ಬ ಅಜ್ಜಿ ಹುಲ್ಲಿನ ಹೊರೆ ಹೊತ್ತು ಹತ್ತುತ್ತಿದ್ದರು. ಹೊರೆಯೊಳಗೆ ಕುಡುಗೋಲಿನ ಹಿಡಿ ಮಾತ್ರ ಕಾಣುತ್ತಿತ್ತು. ತಿರುವು ದಾಟುವವರೆಗೂ ನೋಡುತ್ತಲೇ ಇದ್ದೆ. ಟೀ ತಣ್ಣಗಾಗಿತ್ತು.