ಹೊಸ ಹೃದಯ ಹಾಕಿದ್ರಲ್ವಾ, ಮತ್ತೆ ವಾಲ್ವ್ ಹೇಗೆ ಕೆಟ್ಟಿತು?

ಈ ಪ್ರಶ್ನೆಗೆ ಇನ್ನು ಬಾಯಲ್ಲಿ ಉತ್ತರ ಹೇಳುವುದಿಲ್ಲ. ಹೇಳಿ ಹೇಳಿ ಸಾಕಾಗಿದೆ. ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ.

ಎರಡನೇ ಹೆರಿಗೆಯ ನಂತರ ನನ್ನ ಹೃದಯದ ಸ್ನಾಯು ಸೋತುಹೋಯಿತು. 13 ವರ್ಷದ ಹಿಂದೆ ಚೆನ್ನೈನಲ್ಲಿ ಹೃದಯ ಕಸಿ ಆಯಿತು. ಕಳೆದ ವರ್ಷ ಆ ಹೃದಯದ ಅಯೋರ್ಟಿಕ್ ವಾಲ್ವ್ ಬಿಗಿದುಕೊಂಡಿತು. ಅದಕ್ಕೂ ಚಿಕಿತ್ಸೆ ಆಯಿತು. ಈಗ ಚೆನ್ನಾಗಿದ್ದೇನೆ.

ಮೊನ್ನೆ ತುಮಕೂರಿನಲ್ಲಿ ಒಂದು ಗೃಹಪ್ರವೇಶ. ಪಂಕ್ತಿಯಲ್ಲಿ ಪಕ್ಕ ಕೂತಿದ್ದ ದೂರದ ನೆಂಟರೊಬ್ಬರು ಪಾಯಸ ಬರುವ ಹೊತ್ತಿಗೆ ಕೇಳಿದರು. "ಅಲ್ಲಮ್ಮಾ, ಅಷ್ಟು ದುಡ್ಡು ಸುರಿದ್ರಿ. ಕೆಟ್ಟಿದ್ದ ಮಾಲು ಹಾಕಿಬಿಟ್ರಾ? ಗ್ಯಾರಂಟಿ ಗೀರಂಟಿ ಇರಲಿಲ್ವಾ?" ಸುತ್ತ ನಾಲ್ಕು ಜನ ನಕ್ಕರು. ಊಟದ ನಡುವೆ ಎಲೆ ಬಿಟ್ಟು ಏಳಬಾರದು ಅಂತ ನನಗೂ ಗೊತ್ತು. ಎದ್ದುಬಿಟ್ಟೆ.

ಅದು ಮಾಲಲ್ಲ. ಹೊಸದೂ ಅಲ್ಲ. ಒಬ್ಬರ ಎದೆಯಲ್ಲಿ 41 ವರ್ಷ ಬಡಿದ ಹೃದಯ ಅದು. ಗಂಡಸು, ವಯಸ್ಸು 41. ದಾನಿಯ ಬಗ್ಗೆ ನಮಗೆ ಹೇಳಿದ್ದು ಇಷ್ಟೇ. ನನಗೀಗ 46. ನನ್ನ ಹೃದಯಕ್ಕೆ 54.

ಅಯೋರ್ಟಿಕ್ ವಾಲ್ವ್ ಅಂದರೆ ಹೃದಯದಿಂದ ಮೈಗೆಲ್ಲ ರಕ್ತ ಹೊರಡುವ ಬಾಗಿಲು. ಅದಕ್ಕೆ ಮೂರು ಎಸಳು ಇರುತ್ತವೆ. ಹೆಚ್ಚುಕಡಿಮೆ ನೂರಕ್ಕೆ ಒಬ್ಬರಿಗೆ ಹುಟ್ಟಿನಿಂದ ಎರಡೇ. ಎಷ್ಟೋ ಜನಕ್ಕೆ ಅದು ಗೊತ್ತೇ ಆಗುವುದಿಲ್ಲ. ನನ್ನ ದಾನಿಗೂ ಎರಡೇ ಇತ್ತು. ಕಸಿಗೆ ಮುಂಚೆ ಎಕೋದಲ್ಲಿ, ಅಂದರೆ ಹೃದಯದ ಸ್ಕ್ಯಾನಿನಲ್ಲಿ, ವೈದ್ಯರು ನೋಡಿದ್ದರು. ಬಾಗಿಲು ಸರಿಯಾಗಿ ತೆರೆದು ಮುಚ್ಚುತ್ತಿತ್ತು. ಹಾಗಿದ್ದರೆ ಅಂಥ ಹೃದಯವನ್ನು ಬಳಸಬಹುದು. ನಮ್ಮವರಿಗೆ ಹೇಳಿಯೇ ಸಹಿ ಹಾಕಿಸಿಕೊಂಡರು. ನನ್ನ ಹತ್ತಿರ ಆಗ ಉಳಿದಿದ್ದು ಕೆಲವೇ ದಿನ. ಮೂರು ಎಸಳಿನದು ಬರಲಿ ಅಂತ ಕಾಯಬೇಕಿತ್ತಾ? ಎರಡು ಎಸಳಿನ ವಾಲ್ವಿಗೆ ಬೇಗ ಸುಣ್ಣ ಕಟ್ಟಿ ಅದು ಬಿಗಿಯುತ್ತದೆ. ಆದರೆ ಹಾಗೆ ಬಿಗಿಯುವ ತನಕ ಅದು ನನ್ನ ಮಕ್ಕಳನ್ನು ಹೈಸ್ಕೂಲು ದಾಟಿಸಿತು.

ಯಾರೂ ಕೇಳದ ಪ್ರಶ್ನೆ ಒಂದಿದೆ. ಗೊತ್ತಾಗಿದ್ದು ಹೇಗೆ? ಕಸಿ ಮಾಡುವಾಗ ಹೃದಯದ ನರಗಳು ಕತ್ತರಿಸಿಹೋಗುತ್ತವೆ. ಅವನ್ನು ಮತ್ತೆ ಜೋಡಿಸುವುದಿಲ್ಲ. ಹಾಗಾಗಿ ನಮ್ಮಂಥವರಲ್ಲಿ ಬಹಳ ಜನಕ್ಕೆ ಎದೆನೋವೇ ಬರುವುದಿಲ್ಲ. ನನಗೆ ಬಂದಿದ್ದು ಏದುಸಿರು ಮಾತ್ರ. ಮಹಡಿಗೆ ಬಟ್ಟೆ ಒಣಗಿಸಲು ಹೋದರೆ ನಡುವೆ ಕೂರುತ್ತಿದ್ದೆ. ವಯಸ್ಸಾಯ್ತು ಅಂದುಕೊಂಡೆ. ಮೂರು ತಿಂಗಳು ಸುಮ್ನೆ ಕಳೆದೆ. ನೀವು ಕಸಿಯಾದವರಾಗಿದ್ದರೆ ದಯವಿಟ್ಟು ನೋವಿಗೆ ಕಾಯಬೇಡಿ. ಉಸಿರು ಸ್ವಲ್ಪ ಬದಲಾದರೂ ಹೋಗಿ ಎಕೋ ಮಾಡಿಸಿ. ವಾಲ್ವಿನ ಬಾಯಿ ಮೂರು ನಾಲ್ಕು ಚದರ ಸೆಂಟಿಮೀಟರ್ ಇರಬೇಕು. ನನ್ನದು ಒಂದಕ್ಕಿಂತ ಕಡಿಮೆಯಾಗಿತ್ತು.

ಮತ್ತೆ ಎದೆ ತೆರೆಯುವುದೂ ಒಂದು ದಾರಿ. ಆದರೆ ಮೊದಲ ಆಪರೇಷನ್ ಆದ ಮೇಲೆ ಹೃದಯ ಎದೆಮೂಳೆಯ ಹಿಂಭಾಗಕ್ಕೆ ಅಂಟಿಕೊಂಡಿರಬಹುದು. ಗರಗಸ ಇಟ್ಟಾಗ ಅದೇ ಭಯ. ಮೈ ಈ ಹೃದಯವನ್ನು ಹೊರಗಿನದೆಂದು ತಿರಸ್ಕರಿಸಬಾರದು ಅಂತ ನಾನು ದಿನವೂ ಟ್ಯಾಕ್ರೋಲಿಮಸ್ ನುಂಗುತ್ತೇನೆ. ಅದರಿಂದ ಸೋಂಕು ಬೇಗ ತಗಲುತ್ತದೆ. ಇನ್ನೊಂದು ದಾರಿ ಟಾವಿ. ತೊಡೆಸಂದಿನ ರಕ್ತನಾಳದಿಂದ ಮಡಚಿದ ವಾಲ್ವನ್ನು ಮೇಲೆ ಕಳಿಸಿ ಅಲ್ಲೇ ಬಿಚ್ಚುವುದು. ಮನುಷ್ಯರಲ್ಲಿ ಇದನ್ನು ಮೊದಲು ಮಾಡಿದ್ದು 2002ರಲ್ಲಿ, ಫ್ರಾನ್ಸಿನ ರುವಾನ್ ನಗರದಲ್ಲಿ, ಡಾ. ಅಲಾಂ ಕ್ರಿಬಿಯೆ. ಕಸಿಯಾದವರಲ್ಲಿ ಅಯೋರ್ಟಿಕ್ ವಾಲ್ವ್ ಕೆಡುವುದೇ ಅಪರೂಪ. ಅಂಥವರಿಗೆ ಟಾವಿ ಮಾಡಿದ ಅನುಭವವೂ ಕಡಿಮೆ. ನಮ್ಮ ವೈದ್ಯರು ಎರಡು ವಾರ ಚರ್ಚೆ ಮಾಡಿದರು. ಕೊನೆಗೆ ಟಾವಿಯೇ ಅಂತ ಆಯಿತು. ಟ್ಯಾಕ್ರೋಲಿಮಸ್ ನನ್ನ ಕಿಡ್ನಿಯನ್ನೂ ತಿಂದಿತ್ತು. ಸಿಟಿ ಸ್ಕ್ಯಾನಿಗೆ, ಟಾವಿಗೆ ರಕ್ತನಾಳ ಕಾಣಲಿ ಅಂತ ಕೊಡುವ ಡೈ ಕಿಡ್ನಿಗೆ ಇನ್ನೂ ಭಾರ. ಅದಕ್ಕೆ ಹನಿ ಹನಿ ಲೆಕ್ಕ ಹಾಕಿ ಕೊಟ್ಟರು.

ನಾನು ಎಚ್ಚರವಾಗಿಯೇ ಇದ್ದೆ. ವಾಲ್ವಿಗೆ ದಾರಿ ಮಾಡುವ ತಂತಿ ರಕ್ತನಾಳದಲ್ಲಿ ಮೇಲಕ್ಕೆ ಹೋಗುವಾಗ ಒಬ್ಬ ಚಿಕ್ಕ ವಯಸ್ಸಿನ ಡಾಕ್ಟರು, "ಈಗ ಹೊಲಿಗೆ ದಾಟ್ತಾ ಇದೆ ಮೇಡಂ" ಅಂದರು. ಅಯೋರ್ಟಾ ಅಂದರೆ ಹೃದಯದಿಂದ ಹೊರಡುವ ದೊಡ್ಡ ರಕ್ತನಾಳ. ನನ್ನ ಅಯೋರ್ಟಾಕ್ಕೆ ದಾನಿಯ ಅಯೋರ್ಟಾವನ್ನು ಸೇರಿಸಿ ಹೊಲಿದ ಜಾಗ ಅದು. ಅಲ್ಲಿಯ ತನಕ ನನ್ನ ಮೈ. ಅಲ್ಲಿಂದಾಚೆ ಅವರದು. ನನ್ನ ಕಣ್ಣು ತುಂಬಿತು. ನೋವಾಯ್ತಾ ಅಂತ ನರ್ಸ್ ಕೇಳಿದರು.

ಮನೆಗೆ ಬಂದ ಮೇಲೆ ನಮ್ಮತ್ತೆ ಒಬ್ಬರೇ ಸರಿಯಾದ ಪ್ರಶ್ನೆ ಕೇಳಿದರು. "ಅವರ ಹಳೇ ವಾಲ್ವನ್ನ ತೆಗೆದು ಎಲ್ಲಿ ಹಾಕಿದ್ರಮ್ಮಾ?"

ತೆಗೆಯಲೇ ಇಲ್ಲ ಅತ್ತೆ, ಅಂದೆ. ಟಾವಿಯಲ್ಲಿ ಹಳೆಯದನ್ನು ತೆಗೆಯುವುದಿಲ್ಲ. ಹೊಸದು ಬಿಚ್ಚಿಕೊಳ್ಳುವಾಗ ಹಳೇ ಎಸಳುಗಳನ್ನು ಗೋಡೆಗೆ ಸರಿಸಿ ನಿಲ್ಲುತ್ತದೆ. ಅವರ ಎರಡು ಎಸಳೂ ಅಲ್ಲೇ ಇವೆ.

"ಒಳ್ಳೇದಾಯ್ತು ಬಿಡು" ಅಂದರು ಅತ್ತೆ.

13 ವರ್ಷದಿಂದ ಮಹಾಲಯ ಅಮಾವಾಸ್ಯೆಗೆ ನಮ್ಮ ಮನೆಯಲ್ಲಿ ಒಂದು ಎಡೆ ಜಾಸ್ತಿ ಇಡುತ್ತೇವೆ. ಅವರ ಹೆಸರು ಗೊತ್ತಿಲ್ಲ. ಏನು ಇಷ್ಟ ಅಂತಲೂ ಗೊತ್ತಿಲ್ಲ. ಅದಕ್ಕೆ ಅತ್ತೆ ಆ ಎಲೆಗೆ ಮಾಡಿದ್ದನ್ನೆಲ್ಲ ಬಡಿಸುತ್ತಾರೆ.